ಗಡಿನಾಡಿನ ಗರಡಿ: ಸಾಮಿನ ಲೆಕ್ಕ, ಪಟ್ಟಿನ ಶಾಸ್ತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಬ್ಬು, ತಂಬಾಕು ಮತ್ತು ಕೃಷ್ಣೆ–ದೂಧಗಂಗೆಯರ ಎರೆಭೂಮಿ. ಈ ಸೀಮೆಯವರನ್ನೇ ಕೇಳಿದರೆ ಅವರು ಇನ್ನೊಂದು ಬೆಳೆಯನ್ನೂ ಈ ಪಟ್ಟಿಗೆ ಸೇರಿಸುತ್ತಾರೆ. ಅದು ಪೈಲ್ವಾನರ ಬೆಳೆ. ಚಿಂಚಲಿಯ ಮಾಯಕ್ಕ, ಯಡೂರಿನ ವೀರಭದ್ರ, ಕೊಕಟನೂರಿನ ಯಲ್ಲಮ್ಮ ಮುಂತಾದ ದೇವತೆಗಳ ಜಾತ್ರೆಗಳಿಂದ ತುಂಬಿದ ನಾಡಿದು. ಇಲ್ಲಿಯ ಅನೇಕ ಊರುಗಳಲ್ಲಿ ತೇರು ಎಳೆದ ಮೇಲೆ ಕುಸ್ತಿಯ ಕಣದಲ್ಲಿ ಹಲಗೆಯ ಸದ್ದು ಕೇಳದಿದ್ದರೆ ಜಾತ್ರೆ ಮುಗಿದಂತೆಯೇ ಅಲ್ಲ.

ಪೈಲ್ವಾನರ ಪರಾಕ್ರಮದ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಂತಹವನು ಇಷ್ಟು ಸೇರು ಹಾಲು ಕುಡಿಯುತ್ತಿದ್ದ, ಅಂತಹವನು ಇಷ್ಟು ಸಾವಿರ ಬಸ್ಕಿ ಹೊಡೆಯುತ್ತಿದ್ದ ಎಂಬ ಮಾತುಗಳು ಕಟ್ಟೆಯ ಮೇಲೆ ಇಂದಿಗೂ ಓಡಾಡುತ್ತವೆ. ಆದರೆ ಆ ಕಥೆಗಳ ಹಿಂದೆ ಇದ್ದ ವಿದ್ಯೆಯ ಕಡೆಗೆ ನಾವು ಹರಿಸಿದ ಗಮನ ಸ್ವಲ್ಪ. ಒಬ್ಬ ಹುಡುಗನನ್ನು ಮಲ್ಲನನ್ನಾಗಿ ಮಾಡಲು ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಏನೇನು ಮಾಡಿಸಬೇಕು? ಒಂದು ಪಟ್ಟು ಏಕೆ ಬೀಳುತ್ತದೆ, ಏಕೆ ತಪ್ಪುತ್ತದೆ? ಇಂದು ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾವಿಜ್ಞಾನವೆಂಬ ಹೆಸರಿನಲ್ಲಿ ಕಲಿಸುವ ಈ ಎರಡು ಪ್ರಶ್ನೆಗಳಿಗೆ ನಮ್ಮ ಗರಡಿಮನೆ ಯಾವ ಉತ್ತರ ಕೊಟ್ಟಿತ್ತು, ಆ ಉತ್ತರ ಈಗ ಎಲ್ಲಿದೆ ಎಂಬುದೇ ಈ ಭಾಷಣದ ವಿಷಯ.

ಮೊದಲು ಗರಡಿಯವರು ಆಡುವ ಮಾತನ್ನೇ ನೋಡೋಣ. ಈ ಭಾಗದಲ್ಲಿ ಗರಡಿಮನೆಗೆ ‘ತಾಲೀಮು’ ಎಂಬ ಹೆಸರೂ ಉಂಟು. ಅದು ಅರಬ್ಬಿಯಿಂದ ಬಂದ ಪದ. ಅದರ ಮೂಲಾರ್ಥ ಶಿಕ್ಷಣ. ಗುರುವನ್ನು ‘ವಸ್ತಾದ’ ಎನ್ನುತ್ತಾರೆ. ಅದು ಫಾರಸಿಯ ‘ಉಸ್ತಾದ’, ಎಂದರೆ ಬೋಧಕ. ಮಲ್ಲ ಎಂಬುದು ಸಂಸ್ಕೃತದ ಮಾತು. ಸಾಮು, ಪಟ್ಟು ನಮ್ಮ ಮನೆಯ ಮಾತುಗಳು. ಡಾವ, ಚಿತ್ ಮರಾಠಿಯ ನೆರೆಯಿಂದ ಬಂದವು. ಅಖಾಡದ ಕೆಂಪು ಮಣ್ಣಿನಲ್ಲಿ ಹನುಮಂತನಿಗೆ ಕೈಮುಗಿದು ಇಳಿಯುವ ಹುಡುಗನ ಬಾಯಲ್ಲಿ ಐದು ಭಾಷೆಗಳ ಚರಿತ್ರೆ ಇದೆ. ಶಕ್ತಿಯ ಮನೆಗೆ ಶಿಕ್ಷಣವೆಂಬ ಹೆಸರನ್ನು ಇಟ್ಟವರು ಅದನ್ನು ಬರಿಯ ತೋಳ್ಬಲದ ಜಾಗವೆಂದು ತಿಳಿದಿರಲಿಲ್ಲವೆಂಬುದು ಸ್ಪಷ್ಟ.

ಈ ಶಿಕ್ಷಣದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಕನ್ನಡದ ನೆಲದಿಂದಲೇ ಬಂದುದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಆ ಮಹಾಗ್ರಂಥದಲ್ಲಿ ‘ಮಲ್ಲವಿನೋದ’ವೆಂಬುದೂ ಒಂದು. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಮುಂತಾದ ವರ್ಗಗಳಾಗಿ ವಿಂಗಡಿಸಿದೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ವ್ಯಾಯಾಮವನ್ನು ಉದ್ದೇಶಕ್ಕೆ ತಕ್ಕಂತೆ ಬೇರ್ಪಡಿಸಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಮಲ್ಲರಿಗೆ ಒದಗಿಸುವುದು ಅರಸನ ಹೊಣೆಯೆಂದೂ ಹೇಳಿದೆ. ಯಾರಿಗೆ, ಯಾವ ಶ್ರಮ, ಯಾವ ಆಹಾರ ಎಂಬ ಮೂರು ಅಂಶಗಳೂ ಇಲ್ಲಿವೆ. ಇಂದಿನ ತರಬೇತುದಾರನು ಕಾಗದದ ಮೇಲೆ ಬರೆದುಕೊಳ್ಳುವ ಮೊದಲ ಮೂರು ಸಾಲುಗಳೂ ಇವೇ.

ಆದರೆ ಮಲ್ಲವಿನೋದವು ಪಟ್ಟುಗಳ ವಿಷಯಕ್ಕೆ ಬಂದಾಗ ಹೆಸರುಗಳನ್ನು ಮಾತ್ರ ಕೊಡುತ್ತದೆ. ಅವುಗಳನ್ನು ಹಾಕುವ ವಿಧಾನವನ್ನು ವರ್ಣಿಸುವುದಿಲ್ಲ. ಅರಸನಿಗೆ ಅದರ ಅಗತ್ಯ ಕಂಡಿರಲಾರದು. ವಿಧಾನವನ್ನು ಬಲ್ಲ ಮಲ್ಲರು ಅವನ ಕಣ್ಣೆದುರಿನಲ್ಲೇ ಇದ್ದರು. ಇಂದು ಆ ಹೆಸರುಗಳನ್ನು ಓದುವ ನಮಗೆ ಅವು ಬಾಗಿಲು ತೆರೆಯದ ಬೀಗಗಳಂತೆ ಕಾಣುತ್ತವೆ. ಈ ಮಾತನ್ನು ನೆನಪಿನಲ್ಲಿಡಿ; ಮುಂದೆ ಮತ್ತೆ ಇದರ ಕೆಲಸವಿದೆ.

ಇನ್ನು ನಮ್ಮ ಗಡಿನಾಡಿಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಪಟವರ್ಧನರ ಸಂಸ್ಥಾನಗಳು ಚದುರಿಕೊಂಡಿದ್ದವು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿಲೋಮೀಟರು. ಆ ಕೊಲ್ಹಾಪುರದಲ್ಲಿ 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹು ಮಹಾರಾಜರು ಕುಸ್ತಿಗೆ ದೊಡ್ಡ ಆಶ್ರಯದಾತರಾಗಿದ್ದರು. 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಪ್ರಾಚೀನ ರಂಗಮಂಡಲವನ್ನು ಕಂಡ ಅವರು, ಅದೇ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಬಳಕೆಗೆ ಬಂದಿತು. ನಡುವೆ ಮಣ್ಣಿನ ಕಣ, ಸುತ್ತಲೂ ಏರುತ್ತ ಹೋಗುವ ಆಸನಗಳು. ಎಲ್ಲಿ ಕುಳಿತರೂ ಮಲ್ಲರ ಕಾಲು ಕಾಣಿಸುವಂತಹ ರಚನೆ. ಮೋತಿಬಾಗ, ಗಂಗಾವೇಸ, ಶಾಹುಪುರಿ ಮುಂತಾದ ಅಲ್ಲಿಯ ತಾಲೀಮುಗಳಿಗೆ ನಮ್ಮ ಹಳ್ಳಿಗಳ ಹುಡುಗರು ಬುತ್ತಿ ಕಟ್ಟಿಕೊಂಡು ಹೋದರು. 1949ರಲ್ಲಿ ಸಂಸ್ಥಾನ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ನಕಾಶೆಯ ಗೆರೆಗಳು ಬದಲಾದವು. ಗರಡಿಯ ದಾರಿ ಬದಲಾಗಲಿಲ್ಲ.

ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾ ಗ್ರಾಮದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಇದೇ ದಾರಿಯಲ್ಲಿ ನಡೆದವರು. ಕೊಲ್ಹಾಪುರದ ತಾಲೀಮಿನಲ್ಲಿ ಪಳಗಿದ ಅವರು 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ‘ಹಿಂದ್ ಕೇಸರಿ’ ಎನಿಸಿದರು. ನಮ್ಮ ಸೀಮೆಯ ಒಂದು ಹಳ್ಳಿಯ ಹೆಸರು ಇಡೀ ದೇಶದ ಕುಸ್ತಿಪ್ರಿಯರ ಕಿವಿಗೆ ಬಿದ್ದುದು ಹೀಗೆ.

ಇಂತಹ ಮಲ್ಲರನ್ನು ರೂಪಿಸಿದ ದಿನಚರಿ ಹೇಗಿತ್ತು? ಬೆಳಗು ಹರಿಯುವ ಮುನ್ನವೇ ಗರಡಿ ಎಚ್ಚರಾಗುತ್ತದೆ. ಮೊದಲ ಕೆಲಸ ಕಣವನ್ನು ಅಗೆಯುವುದು. ಎಣ್ಣೆ, ಮಜ್ಜಿಗೆ, ಅರಿಸಿನ ಕೂಡಿಸಿ ಹದಗೊಳಿಸಿದ ಕೆಂಪು ಮಣ್ಣನ್ನು ಸಲಿಕೆಯಿಂದ ತಿರುವಿಹಾಕುವಾಗ ಸೊಂಟ, ಬೆನ್ನು, ಮುಂಗೈಗಳಿಗೆ ಆಗುವ ದುಡಿಮೆಯೇ ಮೈಕಾಯಿಸುವ ಕ್ರಮ. ಅನಂತರ ‘ಜೋರು’, ಎಂದರೆ ಅಭ್ಯಾಸದ ಕುಸ್ತಿ. ಹಿರಿಯನು ಕಿರಿಯನೊಡನೆ ಹಿಡಿಯುತ್ತಾನೆ, ಗೆಲ್ಲುವುದಕ್ಕಾಗಿ ಹಿಡಿಯುವುದಿಲ್ಲ. ಕಿರಿಯನಿಗೆ ಒಂದು ಪಟ್ಟಿನ ಅವಕಾಶ ಕೊಟ್ಟು, ಅವನು ಅದನ್ನು ಹಿಡಿದನೋ ಬಿಟ್ಟನೋ ನೋಡುತ್ತಾನೆ. ಹಗಲು ಊಟ, ನಿದ್ರೆ. ಸಂಜೆ ಸಾಮು: ದಂಡ, ಬಸ್ಕಿ, ಹಗ್ಗ ಹತ್ತುವುದು, ಲೋಡು ತಿರುಗಿಸುವುದು, ಕುತ್ತಿಗೆಯ ಕಸರತ್ತು. ಕೌಶಲವನ್ನು ಮೈ ಹೊಸದಾಗಿರುವ ಬೆಳಗಿಗೂ ಬಲವನ್ನು ಸಂಜೆಗೂ ಇಟ್ಟ ಈ ಹಂಚಿಕೆ ಯೋಚನೆಯಿಲ್ಲದೆ ಬಂದುದಲ್ಲ. ದಣಿದ ಮೈ ಹೊಸ ಪಟ್ಟನ್ನು ಸರಿಯಾಗಿ ಕಲಿಯದು ಎಂಬುದನ್ನು ಇಂದಿನ ಕ್ರೀಡಾವಿಜ್ಞಾನವೂ ಒಪ್ಪುತ್ತದೆ.

ವರ್ಷಕ್ಕೂ ಒಂದು ಲೆಕ್ಕವಿತ್ತು. ಮಳೆಗಾಲದಲ್ಲಿ ಬಯಲು ಕಣಗಳು ನಡೆಯವು. ಅದು ಮೈಗೂಡಿಸುವ ಕಾಲ. ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದರೆ ಅದು ಹಿಡಿಯುವ ಕಾಲ. ಆಗ ಸಾಮು ಕಡಿಮೆ, ಜೋರು ಹೆಚ್ಚು. 1960ರ ದಶಕದಲ್ಲಿ ಸೋವಿಯತ್ ವಿದ್ವಾಂಸ ಮತ್ವೆಯೆವ್ ಅವರು ವರ್ಷವನ್ನು ಸಿದ್ಧತೆ, ಸ್ಪರ್ಧೆ, ವಿಶ್ರಾಂತಿ ಎಂಬ ಅವಧಿಗಳಾಗಿ ವಿಭಜಿಸಿ ತರಬೇತಿಯನ್ನು ಯೋಜಿಸುವ ಸಿದ್ಧಾಂತವನ್ನು ಕ್ರಮಬದ್ಧವಾಗಿ ಮಂಡಿಸಿದರು. ನಮ್ಮ ವಸ್ತಾದರಿಗೆ ಅದೇ ಕ್ರಮವನ್ನು ಪಂಚಾಂಗವೂ ಒಕ್ಕಲುತನವೂ ಕಲಿಸಿದ್ದವು. ಹಾಗೆಂದು ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಬೀಗುವುದು ಸಲ್ಲದು. ಮತ್ವೆಯೆವ್ ಲೆಕ್ಕವನ್ನು ಬರೆದಿಟ್ಟರು, ಅಳೆದರು, ಇನ್ನೊಬ್ಬರು ಪರೀಕ್ಷಿಸುವಂತೆ ಮಾಡಿದರು. ಗರಡಿಯ ಲೆಕ್ಕ ವಸ್ತಾದನ ತಲೆಯಲ್ಲೇ ಉಳಿಯಿತು.

ಬರೆದಿಟ್ಟ ಲೆಕ್ಕಕ್ಕೂ ತನ್ನದೇ ಅಪಾಯವುಂಟು. ಪ್ರಾಚೀನ ಗ್ರೀಕರಲ್ಲಿ ನಾಲ್ಕು ದಿನಗಳ ತರಬೇತಿಯ ಚಕ್ರವೊಂದಿತ್ತು: ಮೊದಲ ದಿನ ಸಿದ್ಧತೆ, ಎರಡನೆಯ ದಿನ ತೀವ್ರ ಶ್ರಮ, ಮೂರನೆಯ ದಿನ ಬಿಡುವು, ನಾಲ್ಕನೆಯ ದಿನ ಮಧ್ಯಮ ಶ್ರಮ. ಕ್ರಿ.ಶ. ಮೂರನೆಯ ಶತಮಾನದ ಲೇಖಕ ಫಿಲೊಸ್ಟ್ರಾಟಸ್ ಇದನ್ನು ಕಟುವಾಗಿ ಟೀಕಿಸುತ್ತ ಗೆರೆನಸ್ ಎಂಬ ಮಲ್ಲನ ಕಥೆಯನ್ನು ಹೇಳುತ್ತಾನೆ. ಒಲಿಂಪಿಯಾದಲ್ಲಿ ಗೆದ್ದ ಗೆರೆನಸ್ ಸಂತೋಷಕೂಟದಲ್ಲಿ ಮಿತಿಮೀರಿ ಉಂಡು ಕುಡಿದು ಅಸ್ವಸ್ಥನಾಗಿ ಗರಡಿಗೆ ಬಂದನು. ಗುರುವು ಕೋಪಗೊಂಡು, ಚಕ್ರ ತಪ್ಪಬಾರದೆಂದು ಅವನನ್ನು ದುಡಿಸಿದನು. ಮಲ್ಲನು ಅಭ್ಯಾಸದಲ್ಲಿಯೇ ಸತ್ತನು. ಮನುಷ್ಯನನ್ನು ನೋಡದ ಯೋಜನೆ ಮನುಷ್ಯನನ್ನೇ ತಿನ್ನುತ್ತದೆ ಎಂಬುದು ಕಥೆಯ ತಾತ್ಪರ್ಯ. ಒಳ್ಳೆಯ ವಸ್ತಾದನ ಹೆಗ್ಗಳಿಕೆ ಇರುವುದು ಇಲ್ಲಿಯೇ. ಹುಡುಗನ ಕಣ್ಣಿನ ಬಣ್ಣ, ಉಸಿರಿನ ಗತಿ, ಹಿಂದಿನ ರಾತ್ರಿಯ ನಿದ್ರೆ ಇವನ್ನು ನೋಡಿಯೇ ಅವನು ಆ ದಿನದ ಜೋಡಿಯನ್ನು ಕಟ್ಟುತ್ತಾನೆ. ಅವನ ಪುಸ್ತಕ ಶಿಷ್ಯನ ಮುಖ.

ಈಗ ಪಟ್ಟಿನ ಮಾತು. ಉದಾಹರಣೆಗೆ ‘ಧೋಬಿ’ ಎಂಬ ಪ್ರಸಿದ್ಧ ಪಟ್ಟನ್ನು ತೆಗೆದುಕೊಳ್ಳೋಣ. ಅಗಸನು ಬಟ್ಟೆಯನ್ನು ಹೆಗಲ ಮೇಲಿಂದ ಬೀಸಿ ಬಂಡೆಗೆ ಬಡಿಯುವಂತೆ ಎದುರಾಳಿಯನ್ನು ಬೆನ್ನ ಮೇಲಿಂದ ಒಗೆಯುವ ಪಟ್ಟು ಅದು. ನೋಡುವವರಿಗೆ ಅದು ಒಂದೇ ಮಿಂಚು. ವಸ್ತಾದನ ಕಣ್ಣಿಗೆ ಅದು ನಾಲ್ಕು ಕೆಲಸ. ಮೊದಲು ಎದುರಾಳಿಯ ಒಂದು ತೋಳನ್ನು ಎರಡು ಕೈಗಳಿಂದ ಹಿಡಿದು ಮುಂದಕ್ಕೆ ಸೆಳೆಯಬೇಕು. ಅವನ ಭಾರ ಹಿಮ್ಮಡಿಯಿಂದ ಕಾಲ್ಬೆರಳಿಗೆ ಬರಬೇಕು. ಎರಡನೆಯದು, ಆ ಕ್ಷಣದಲ್ಲಿ ಅವನ ಎದೆಗೆ ಬೆನ್ನು ಕೊಟ್ಟು ತಿರುಗುವುದು. ಮೂರನೆಯದು, ಮೊಣಕಾಲು ಮಡಿಸಿ ತನ್ನ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ತರುವುದು. ನಾಲ್ಕನೆಯದು, ಕಾಲನ್ನು ನೀಡಿ ಎತ್ತುತ್ತ ತೋಳನ್ನು ಕೆಳಕ್ಕೆ ಎಳೆಯುವುದು.

ಕಲಿಯುವ ಹುಡುಗರು ಹೆಚ್ಚಾಗಿ ತಪ್ಪುವುದು ಮೂರನೆಯ ಹೆಜ್ಜೆಯಲ್ಲಿ. ಸೊಂಟ ಕೆಳಗಿಳಿಯದಿದ್ದರೆ ಎದುರಾಳಿಯ ಭಾರವೆಲ್ಲ ಬೆನ್ನಿನ ಮೇಲೆ ಕುಳಿತುಕೊಳ್ಳುತ್ತದೆ. ಎತ್ತಲು ಹೋದವನೇ ಕೆಳಗೆ ಬೀಳುತ್ತಾನೆ. ಸೊಂಟ ಇಳಿದಿದ್ದರೆ ಅದೇ ಸನ್ನೆಕೋಲಿನ ಆಧಾರವಾಗಿ, ತನಗಿಂತ ಭಾರವಾದವನನ್ನೂ ಮಗುಚಬಹುದು. ಭೌತವಿಜ್ಞಾನವು ಗುರುತ್ವಕೇಂದ್ರ, ಆಧಾರತಲ, ಸನ್ನೆ ಎಂಬ ಮಾತುಗಳಲ್ಲಿ ಹೇಳುವುದನ್ನು ವಸ್ತಾದನು ಶಿಷ್ಯನ ಮೊಣಕಾಲಿನ ಹಿಂಭಾಗಕ್ಕೆ ಕೈಯಿಂದ ತಟ್ಟಿ ಹೇಳುತ್ತಾನೆ. ಪ್ರತಿ ಡಾವಕ್ಕೂ ಒಂದು ‘ತೋಡ’, ಎಂದರೆ ಪ್ರತಿಪಟ್ಟು, ಇರುವುದು ಈ ವಿಶ್ಲೇಷಣೆಯ ಇನ್ನೊಂದು ಮುಖ. ಧೋಬಿಯ ನಾಲ್ಕು ಹೆಜ್ಜೆಗಳಲ್ಲಿ ಯಾವುದನ್ನು ಮುರಿದರೆ ಪಟ್ಟು ಮುರಿಯುತ್ತದೆ ಎಂದು ತಿಳಿದವನಿಗೆ ಮಾತ್ರ ಅದರ ತೋಡ ತಿಳಿದೀತು.

ಇಷ್ಟು ಪಕ್ವವಾದ ವಿದ್ಯೆ ಹೊರಗಿನ ಲೋಕಕ್ಕೆ ಹೋದಾಗ ಏನಾಯಿತು? ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು ಕೊಲ್ಹಾಪುರದಲ್ಲಿ ಕಲಿತು ಬೆಳೆದವರು. ಕೊಲ್ಹಾಪುರದ ಮಹಾರಾಜರ ನೆರವಿನಿಂದ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ಅವರಿಗೆ ಮ್ಯಾಟಿನ ಮೇಲಿನ ಕುಸ್ತಿ ತೀರ ಹೊಸದಾಗಿತ್ತು. ಅಮೆರಿಕದ ರೀಸ್ ಗಾರ್ಡ್ನರ್ ಅವರಿಂದ ಅಲ್ಲಿಯೇ ತರಬೇತಿ ಪಡೆದು ಅವರು ಆರನೆಯ ಸ್ಥಾನ ಗಳಿಸಿದರು. ನಾಲ್ಕು ವರ್ಷ ಹೊಸ ನಿಯಮಗಳಿಗೆ ತಕ್ಕಂತೆ ಮೈಯನ್ನು ಪಳಗಿಸಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದರು. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅದೇ ಕ್ರೀಡಾಕೂಟದಲ್ಲಿ ಕೊಲ್ಹಾಪುರದ ಕೇಶವ ಮಂಗಾವೆಯವರು ನಾಲ್ಕನೆಯವರಾದರು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಇದೇ ಮಣ್ಣಿನ ಪರಂಪರೆಯ ಮಾರುತಿ ಮಾನೆ ಮತ್ತು ಗಣಪತ ಆಂದಳಕರರು ತಲಾ ಒಂದು ಚಿನ್ನ, ಒಂದು ಬೆಳ್ಳಿಯನ್ನು ತಂದರು. ಆದರೆ ಕುಸ್ತಿಯಲ್ಲಿ ಮುಂದಿನ ಒಲಿಂಪಿಕ್ ಪದಕಕ್ಕಾಗಿ ದೇಶವು 2008ರ ಬೀಜಿಂಗಿನಲ್ಲಿ ಸುಶೀಲ್ ಕುಮಾರರು ಗೆಲ್ಲುವವರೆಗೆ 56 ವರ್ಷ ಕಾಯಬೇಕಾಯಿತು.

ಈ ದೀರ್ಘ ಬರಗಾಲಕ್ಕೆ ಹಣ, ಆಡಳಿತ, ಅವಕಾಶಗಳ ಕೊರತೆಯೂ ಕಾರಣ. ಅದರೊಡನೆ ವಿದ್ಯೆಗೆ ಸಂಬಂಧಿಸಿದ ಕಾರಣವೂ ಇದೆ. ಮಣ್ಣಿನ ಕುಸ್ತಿಗೆ ಒಂದೇ ಗುರಿ: ಎದುರಾಳಿಯ ಎರಡೂ ಭುಜಗಳನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದು. ಅಲ್ಲಿಯವರೆಗೆ ನಡುವಿನ ಬೀಳು–ಏಳುಗಳಿಗೆ ಬೆಲೆಯಿಲ್ಲ. ಕೆಳಗೆ ಬಿದ್ದವನು ಹೊಟ್ಟೆಯ ಮೇಲೆ ನೆಲ ಹಿಡಿದು ಬಹಳ ಹೊತ್ತು ಕಾಯಬಹುದು. ಮ್ಯಾಟಿನ ಮೇಲೆ ಇಂದು ಮೂರು ನಿಮಿಷಗಳ ಎರಡು ಸುತ್ತು ಮಾತ್ರ. ಕೆಡವಿದರೆ ಅಂಕ, ಬೆನ್ನು ನೆಲದ ಕಡೆಗೆ ತಿರುಗಿದರೆ ಅಂಕ. ಸುಮ್ಮನೆ ಕಾದರೆ ಎಚ್ಚರಿಕೆ. ಮಣ್ಣಿನಲ್ಲಿ ಜಾಂಗಿಯ ಅಂಚನ್ನು ಹಿಡಿಯಬಹುದು. ಮ್ಯಾಟಿನ ಮೇಲೆ ಉಡುಪನ್ನು ಹಿಡಿಯುವುದು ತಪ್ಪು. ಸಡಿಲ ಮಣ್ಣಿನಲ್ಲಿ ಬರಿಗಾಲು ಹುದುಗುತ್ತದೆ, ತಿರುಗುವ ಮುನ್ನ ಕಾಲನ್ನು ಎತ್ತಬೇಕು. ಮ್ಯಾಟಿನ ಮೇಲೆ ಬೂಟಿನ ಕಾಲು ನಿಂತಲ್ಲಿಯೇ ಸುತ್ತುತ್ತದೆ. ಆದುದರಿಂದ ಧೋಬಿಯ ಎರಡನೆಯ ಹೆಜ್ಜೆ ಅಲ್ಲಿ ಎಷ್ಟೋ ವೇಗವಾಗುತ್ತದೆ, ಅದರ ತೋಡವೂ ಅಷ್ಟೇ ವೇಗವಾಗಬೇಕಾಗುತ್ತದೆ.

ಪಟ್ಟು ಬದಲಾದರೆ ಸಾಮೂ ಬದಲಾಗಬೇಕು. ಸಾವಿರಗಟ್ಟಲೆ ಬಸ್ಕಿಗಳು ಗಂಟೆಗಟ್ಟಲೆ ಹಿಡಿಯುವವನ ತಾಳಿಕೆಯನ್ನು ಬೆಳೆಸುತ್ತವೆ. ಆರು ನಿಮಿಷಗಳಲ್ಲಿ ಹತ್ತಾರು ಸಲ ಸಿಡಿದೇಳಬೇಕಾದವನಿಗೆ ಕಡಿಮೆ ಸಂಖ್ಯೆಯ, ಹೆಚ್ಚು ಭಾರದ, ಹೆಚ್ಚು ವೇಗದ ಅಭ್ಯಾಸ ಬೇಕು. ಹಾಲು, ತುಪ್ಪ, ಬದಾಮಿಗಳ ಖುರಾಕಿನದೂ ಇದೇ ಕಥೆ. ಜಾತ್ರೆಯ ಕಣದಲ್ಲಿ ತೂಕದ ವರ್ಗಗಳಿರಲಿಲ್ಲ. ಜೋಡಿಯನ್ನು ಕಣ್ಣಳತೆಯಲ್ಲಿಯೇ ಕಟ್ಟುತ್ತಿದ್ದರು. ಅಲ್ಲಿ ಮೈತೂಕವೇ ಬಂಡವಾಳ. ತಕ್ಕಡಿಯ ಮೇಲೆ ನಿಂತು ವರ್ಗ ಗೊತ್ತುಮಾಡಿಕೊಳ್ಳುವ ಕುಸ್ತಿಯಲ್ಲಿ ಅನಗತ್ಯವಾದ ಪ್ರತಿ ಕಿಲೋ ತೂಕವೂ ಸಾಲ. ಗರಡಿಯ ಲೆಕ್ಕ ತಪ್ಪಾಗಿರಲಿಲ್ಲ. ಅದು ಬೇರೆ ಪ್ರಶ್ನೆಗೆ ಕೊಟ್ಟ ಸರಿಯುತ್ತರವಾಗಿತ್ತು. ಪ್ರಶ್ನೆ ಬದಲಾದಾಗ ಉತ್ತರವನ್ನು ತಿದ್ದಬೇಕಿತ್ತು. ತಿದ್ದಲು ಅದು ಎಲ್ಲಿಯೂ ಬರೆದಿರಲಿಲ್ಲ.

ಬರೆಯುವ ಪ್ರಯತ್ನಗಳು ಆಗಲಿಲ್ಲವೆಂದಲ್ಲ. ಬಡೋದೆಯಲ್ಲಿ ದ. ಚಿ. ಮಜುಮದಾರರು 1936ರಿಂದ 1949ರ ಅವಧಿಯಲ್ಲಿ ಮರಾಠಿಯಲ್ಲಿ ‘ವ್ಯಾಯಾಮ ಜ್ಞಾನಕೋಶ’ವನ್ನು ಹತ್ತು ಸಂಪುಟಗಳಲ್ಲಿ ಹೊರತಂದರು. ಬೆಂಗಳೂರಿನಲ್ಲಿ, ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರೆಲ್ಲರೂ ಬಲ್ಲ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿದ್ದಲ್ಲದೆ, ದೂರದ ಶಿಷ್ಯರಿಗೆ ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. ಶಿಷ್ಯನನ್ನು ಕಾಣದೆ ಕಲಿಸಬೇಕಾದವನು ಪ್ರತಿ ಚಲನೆಯನ್ನೂ ಮಾತಿನಲ್ಲಿ ಬಿಡಿಸಿ ಹೇಳಲೇಬೇಕು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾಸಂಸ್ಥೆ ಸ್ಥಾಪನೆಯಾದ ಮೇಲೆ ತರಬೇತುದಾರನಾಗುವುದಕ್ಕೂ ಒಂದು ವ್ಯಾಸಂಗಕ್ರಮ ಬಂದಿತು. ಅದರ ಫಲ ನಮ್ಮ ರಾಜ್ಯಕ್ಕೂ ತಲುಪದೆ ಇಲ್ಲ. 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು ಗ್ರೀಕೋ–ರೋಮನ್ ಶೈಲಿಯ 55 ಕಿಲೋ ವರ್ಗದಲ್ಲಿ ಕಂಚನ್ನು ಗೆದ್ದರು. ಸೊಂಟದ ಕೆಳಗೆ ಹಿಡಿಯುವಂತೆಯೇ ಇಲ್ಲದ ಆ ಶೈಲಿ ನಮ್ಮ ಕಣಗಳಿಗೆ ಅಪರಿಚಿತ. ಉತ್ತರ ಕರ್ನಾಟಕದ ಹುಡುಗನೊಬ್ಬ ಅದನ್ನು ಕಲಿತು ಗೆಲ್ಲಬಲ್ಲನೆಂಬುದು ಅಲ್ಪ ಸಮಾಚಾರವಲ್ಲ.

ಹಾಗಾದರೆ ಹಳೆಯ ಗರಡಿಯ ವಿದ್ಯೆಯನ್ನು ಇನ್ನು ಬಿಟ್ಟುಬಿಡಬಹುದೆ? ಬಿಡಬಾರದೆಂಬುದಕ್ಕೆ ಅಭಿಮಾನಕ್ಕಿಂತ ಗಟ್ಟಿಯಾದ ಕಾರಣಗಳಿವೆ. ಹಿಡಿತದ ಬಲವನ್ನು, ಕುತ್ತಿಗೆಯ ಬಲವನ್ನು, ಹಿರಿಯನು ಕಿರಿಯನಿಗೆ ಜೋರಿನಲ್ಲಿ ಕಲಿಸುವ ಕ್ರಮವನ್ನು ಮ್ಯಾಟಿನ ಕುಸ್ತಿಯೂ ಬೇಡುತ್ತದೆ. ಡಾವ–ತೋಡಗಳ ಸಂಗ್ರಹದಲ್ಲಿ ಯಾವುದು ಮ್ಯಾಟಿಗೆ ಸಲ್ಲುತ್ತದೆ, ಯಾವುದು ಅಲ್ಲಿ ಅಂಕ ಕಳೆಯುತ್ತದೆ, ಯಾವುದನ್ನು ಎಷ್ಟು ತಿದ್ದಬೇಕು ಎಂಬುದನ್ನು ಎರಡೂ ನೆಲಗಳ ಮೇಲೆ ನಿಂತವರು ಕುಳಿತು ವಿಂಗಡಿಸಬೇಕು. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಒಂದು ಚಿತ್ರೀಕರಣ ಯಂತ್ರ, ಚಲನೆಯನ್ನು ನಿಧಾನಗೊಳಿಸಿ ನೋಡುವ ತಾಳ್ಮೆ, ವಸ್ತಾದನ ಮಾತನ್ನು ಅವನ ಮಾತಿನಲ್ಲಿಯೇ ಬರೆದುಕೊಳ್ಳುವ ಒಬ್ಬ ಲಿಪಿಕಾರ, ಇಷ್ಟು ಸಾಕು. ವ್ಯಾಯಾಮಶಿಕ್ಷಣದ ಶಿಕ್ಷಕರು ಊರೂರಿನ ಶಾಲೆಗಳಲ್ಲಿದ್ದಾರೆ. ಅವರ ಪಕ್ಕದ ಓಣಿಯಲ್ಲಿಯೇ ಗರಡಿಯೂ ಇದೆ.

ಆದರೆ ಇದಕ್ಕೆ ಕಾಲ ಕಾಯುವುದಿಲ್ಲ. ಶ್ರೀಪತಿ ಖಂಚನಾಳೆಯವರು 2020ರ ಡಿಸೆಂಬರ್ 14ರಂದು ಕೊಲ್ಹಾಪುರದಲ್ಲಿ ತೀರಿಕೊಂಡರು. ಅವರ ಪ್ರಶಸ್ತಿಯ ವರ್ಷ, ಸೋತ ಎದುರಾಳಿಯ ಹೆಸರು ನಮಗೆ ಗೊತ್ತು. ಆ ದಿನ ಅವರ ಕಾಲು ಎಲ್ಲಿತ್ತು, ಸೊಂಟ ಯಾವಾಗ ಇಳಿಯಿತು, ಅದಕ್ಕಾಗಿ ಹಿಂದಿನ ಆರು ತಿಂಗಳು ಅವರು ಏನೇನು ಮಾಡಿದ್ದರು ಎಂಬುದನ್ನು ಜಯದ ವರದಿಗಳು ಹೇಳುವುದಿಲ್ಲ. ಸೋಮೇಶ್ವರನ ಗ್ರಂಥದಲ್ಲಿ ಹೆಸರು ಉಳಿದು ವಿಧಾನ ಅಳಿಯಲು ನೂರಾರು ವರ್ಷ ಹಿಡಿದಿರಬಹುದು. ನಮ್ಮ ಕಾಲದಲ್ಲಿ ಅದಕ್ಕೆ ಒಂದು ತಲೆಮಾರು ಸಾಕು. ಈ ಐದು ತಾಲ್ಲೂಕುಗಳ ಗರಡಿಗಳಲ್ಲಿ ಶಿಷ್ಯನ ಮೊಣಕಾಲನ್ನು ತಟ್ಟಿ ತಿದ್ದಬಲ್ಲ ವೃದ್ಧರು ಇನ್ನೂ ಇದ್ದಾರೆ. ಬರುವ ಜಾತ್ರೆಯ ಮುನ್ನ ಅವರ ಬಳಿಗೆ ಯಾರಾದರೂ ಒಂದು ನೋಟುಪುಸ್ತಕ ಹಿಡಿದು ಹೋಗಲಿ.